ಇಡ್ಲಿ ಬಂಡಿ ಡಾಕ್ಟರು

ಮಕ್ತಲದ ಬಸ್ ಸ್ಟ್ಯಾಂಡಿನಲ್ಲಿ ಇಳಿದು 'ಇಡ್ಲಿ ಬಂಡಿ ಡಾಕ್ಟರ ಮನೆ' ಎಂದರೆ ಸಾಕು, ಆಟೋದವರು ಮರುಮಾತಿಲ್ಲದೆ ನಮ್ಮ ಓಣಿಗೆ ತಂದು ಬಿಡುತ್ತಿದ್ದರು. ಊರಿಗೆ ಹೊಸಬರಾದವರು ದಾರಿಯುದ್ದಕ್ಕೂ ತಲೆ ಕೆರೆದುಕೊಳ್ಳುತ್ತಿದ್ದರು. ಡಾಕ್ಟರಿಗೂ ಇಡ್ಲಿಗೂ ಎತ್ತಣ ಸಂಬಂಧ? ಯಾವ ಸಂಬಂಧವೂ ಇರಲಿಲ್ಲ. ಅವರು ದನದ ಡಾಕ್ಟರು. ಇಡ್ಲಿ ಕಂಡರೆ ಅವರಿಗೆ ಆಗುತ್ತಲೂ ಇರಲಿಲ್ಲ. 'ಜ್ವರ ಬಂದವ್ರು ತಿನ್ನೋದ್ರೀ ಅದು' ಎಂದು ತಟ್ಟೆ ಪಕ್ಕಕ್ಕೆ ಸರಿಸಿ ಜೋಳದ ರೊಟ್ಟಿ ಕೇಳುವ ಮನುಷ್ಯ.

ಎಡವಟ್ಟಾದದ್ದು ಒಂದು ಅಕ್ಷರದಲ್ಲಿ. ಅವರ ಹತ್ತಿರ ಇಟಲಿ ದೇಶದ ಒಂದು ಪುಟ್ಟ ರೇಸ್ ಕಾರಿತ್ತು. ಅದು ಊರಿಗೆ ಬಂದ ದಿನ ಸುತ್ತ ನೆರೆದವರು ಏನಿದು ಎಂದು ಕೇಳಿದ್ದಕ್ಕೆ 'ಇಟ್ಲಿ ಬಂಡಿ' ಅಂದರಂತೆ. ಕೇಳಿದವರು ಇಟಲಿಯನ್ನು ಕಂಡವರಲ್ಲ, ಇಡ್ಲಿಯನ್ನು ದಿನಾ ಕಂಡವರು. ನಮ್ಮ ಕಡೆ ಬಂಡಿ ಎಂದರೆ ಎತ್ತಿನದೂ ಹೌದು, ಮೋಟಾರಿನದೂ ಹೌದು, ತಿಂಡಿ ಮಾರುವ ತಳ್ಳುಗಾಡಿಯೂ ಹೌದು. ಸಾಲದ್ದಕ್ಕೆ ಕಾರು ಬೆಳ್ಳಗೆ, ಗುಂಡಗೆ, ಮೇಲೆ ಉಬ್ಬಿಕೊಂಡಿತ್ತು. ಸಂಜೆಯೊಳಗೆ ನಾಮಕರಣ ಮುಗಿದು, ಕಾರಿನ ಹೆಸರು ಡಾಕ್ಟರಿಗೂ ಅಂಟಿತು.

ಅವರು ಹೋಗಿ ಒಂದು ಮಳೆಗಾಲ ಕಳೆಯಿತು. ಅವರ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಆದರೆ ಅವರಿಗಾಗಿ ನಾನು ಬರೆದದ್ದೆಲ್ಲ ಬೋರ್ಡಿನ ಮೇಲೆ, ಸೀಮೆಸುಣ್ಣದಲ್ಲಿ. ಬರೆದ ಹಾಗೇ ಒರೆಸಿಯೂ ಹೋಗಿದೆ. ಕಾಗದದ ಮೇಲೂ ಒಂದು ಸಲ ಇರಲಿ ಎಂದು ಕೂತಿದ್ದೇನೆ.

ನಾನು ನಾರಾಯಣಪೇಟೆಯವಳು, ರಾಯಚೂರಿನ ಗಡಿಯಾಚೆ ತೆಲಂಗಾಣದಲ್ಲಿರುವ ಈ ಮಕ್ತಲದ ಕನ್ನಡ ಶಾಲೆಯ ಟೀಚರು. ಡಾಕ್ಟರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಡಾಕ್ಟರನ್ನು ಮಾತ್ರ ಭಾವ ಎನ್ನಲು ನಾಚಿಕೆಯಾಗಿ ಡಾಕ್ಟ್ರೇ ಎಂದೇ ಉಳಿಸಿಕೊಂಡೆ. ಅವರೂ ನನ್ನನ್ನು ಟೀಚರಮ್ಮ ಎಂದೇ ಕರೆದರು, ವಯಸ್ಸಿನಲ್ಲಿ ಅಷ್ಟು ದೊಡ್ಡವರಾದರೂ ಒಂದು ಸಲವೂ ಏಕವಚನ ಬಳಸಲಿಲ್ಲ.

ಕಾರು ಸಿಕ್ಕ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕಿತ್ತು. ಗದ್ವಾಲದ ಒಂದು ಹಳೆಯ ವಾಡೆಯಿಂದ, ಕೋಳಿಗಳಿಗೆ ರೋಗ ಬಿದ್ದಿದೆ ಬನ್ನಿ ಎಂದು ಕರೆ ಬಂದಿತ್ತಂತೆ. ಹೋಗಿ ನೋಡಿದರೆ ಕೋಳಿಗಳು ಮಲಗುತ್ತಿದ್ದದ್ದು ದನದ ಕೊಟ್ಟಿಗೆಯ ಮೂಲೆಯಲ್ಲಿದ್ದ ಒಂದು ಕಾರಿನೊಳಗೆ. ಆ ಮನೆಯ ಹಿರಿಯರೊಬ್ಬರು ಪ್ರಾಯದಲ್ಲಿ ಶೋಕಿಗೆಂದು ಹಡಗಿನಲ್ಲಿ ತರಿಸಿ, ಪ್ರಾಯ ಇಳಿದ ಮೇಲೆ ಮರೆತದ್ದು. 'ಕೋಳಿ ಒಂದೂ ಉಳೀಲಿಲ್ಲ, ಕಾರು ಉಳೀತು' ಎಂದು ಡಾಕ್ಟರು ನಗುತ್ತಿದ್ದರು. ಮನೆಯವರು ಒಯ್ಯಿರಿ ಎಂದರು. ಇವರು ಟ್ರ್ಯಾಕ್ಟರಿನ ಮೇಲೆ ಹಾಕಿಕೊಂಡು ಕೃಷ್ಣೆ ದಾಟಿಸಿ ತಂದರು. ಸೀಟಿನ ಸಂದಿಯಿಂದ ಕೋಳಿಪುಕ್ಕ ಹೊರಡುವುದು ಎಷ್ಟೋ ವರ್ಷ ನಿಲ್ಲಲಿಲ್ಲ.

ಆ ಕಾರಿಗೆ ಇಂಜಿನ್ನು ಹಿಂದೆ. ಬೇಗ ಕಾಯುವ ಇಂಜಿನ್ನು, ಅದಕ್ಕೆ ಗಾಳಿಯಾಡಬೇಕು. ರೇಸಿಗೆ ತಯಾರಿಸಿದ ಅಂಥ ಕಾರುಗಳೆಲ್ಲ ಹಿಂದಿನ ಮುಚ್ಚಳವನ್ನು ಅರ್ಧ ಎತ್ತಿ, ಕೆಳಗೆ ಕಡ್ಡಿ ಕೊಟ್ಟುಕೊಂಡೇ ಓಡುತ್ತವಂತೆ. ಇದು ಇಟಲಿಯಲ್ಲಿ ಗೊತ್ತಿರಬಹುದು, ಮಕ್ತಲದಲ್ಲಿ ಯಾರಿಗೆ ಗೊತ್ತು? ಡಾಕ್ಟರು ಬೀದಿಗಿಳಿದರೆ ಸಾಕು, ಕಟ್ಟೆಯ ಮೇಲೆ ಕೂತವರೂ ಎದುರಿಗೆ ಬಂದವರೂ ಕೂಗುವವರೇ.

'ಡಾಕ್ಟ್ರೇ, ಡಿಕ್ಕಿ ತೆರದೈತ್ರೀ!'

'ಇರ್ಲಿ ಬಿಡಪಾ, ಅದಕ್ಕ ಸೆಕಿ ಆಗ್ತೈತಿ.'

ಇಪ್ಪತ್ತು ಸಲ ಹೇಳಿದವನಿಗೂ ಇಪ್ಪತ್ತೊಂದನೆಯ ಸಲ ಅದೇ ಸಮಾಧಾನದಲ್ಲಿ ಹೇಳುತ್ತಿದ್ದರು. ನನಗಾದರೆ ಪಿತ್ತ ನೆತ್ತಿಗೇರುತ್ತಿತ್ತು. 'ಅಂವ ನನ್ನ ಡಿಕ್ಕಿ ಚಿಂತಿ ಮಾಡ್ಲಿಕ್ಕಂತ ನಿಂತಾನ, ಬೈದ್ರ ಹೆಂಗ್ರೀ' ಎಂದು ನನಗೇ ತಿರುಗಿಸುತ್ತಿದ್ದರು.

ಅವರ ಇನ್ನೊಂದು ಗುಣ 'ಆತು' ಎಂಬ ಪದ. ನಮ್ಮ ಭಾಷೆಯಲ್ಲಿ ಎಲ್ಲರೂ ಬಳಸುವ ಪದವೇ. ಆದರೆ ಅವರು ಇಡೀ ಸಂಸಾರವನ್ನು ಅದರ ಮೇಲೆ ನಡೆಸಿದರು. ಕರು ಹೊರಗೆ ಬಂದರೆ ಆತು. ಸೂಜಿ ಚುಚ್ಚಿದರೆ ಆತು. ಊಟ ಸಾಕಾದರೂ ಆತು, ಹೇಳಿದ್ದಕ್ಕೆ ಒಪ್ಪಿದರೂ ಆತು. ಎಮ್ಮೆಯ ಹೊಟ್ಟೆಯ ಮೇಲೆ ಸ್ಟೆತಸ್ಕೋಪು ಇಟ್ಟು, ಮೆಲ್ಲಗೆ ತೆಗೆದು, ಯಜಮಾನನ ಹೆಗಲ ಮೇಲೆ ಕೈಯಿಟ್ಟು 'ಆತಪಾ' ಎಂದರೆ ಎಮ್ಮೆ ಸತ್ತಿತು ಎಂದು ಅರ್ಥ. ಯಾವ ಆತು ಎನ್ನುವುದನ್ನು ದನಿಯಿಂದ ತಿಳಿದುಕೊಳ್ಳಬೇಕು. ಮಾಗನೂರು ಕಡೆಯ ಕುರುಬರಿಗೆ ಆ ದನಿಯ ಗುರುತು ನಮಗಿಂತ ಚೆನ್ನಾಗಿತ್ತು.

ಇನ್ನು ರೇಸಿನ ವಿಷಯ. ಹಳೆಯ ಕಾರುಗಳ ಹುಚ್ಚಿರುವವರು ಚಳಿಗಾಲದಲ್ಲಿ ಒಂದೆಡೆ ಸೇರುತ್ತಿದ್ದರು. ಹೈದರಾಬಾದಿನಾಚೆ, ವಿಮಾನಗಳು ಎಂದೋ ಇಳಿಯುವುದನ್ನು ಬಿಟ್ಟಿದ್ದ ಒಂದು ರನ್‌ವೇಯ ಮೇಲೆ ಟೈರುಗಳನ್ನಿಟ್ಟು ತಿರುವು ಮಾಡಿಕೊಂಡು ಓಡಿಸುತ್ತಿದ್ದರು. ಮನೆಮಂದಿ ಓಡಾಡುವ ಕಾರುಗಳನ್ನೇ ರೇಸಿಗೆ ತಿದ್ದಿದಂಥವು ಅವು. ದೊಡ್ಡ ಇಂಜಿನ್ನಿನವೂ ಸಣ್ಣ ಇಂಜಿನ್ನಿನವೂ ಒಟ್ಟಿಗೇ ಹೊರಡುತ್ತವೆ, ಬಹುಮಾನ ಮಾತ್ರ ಇಂಜಿನ್ನಿನ ಅಳತೆಗೆ ತಕ್ಕಂತೆ ಬೇರೆ ಬೇರೆ ವರ್ಗಕ್ಕೆ. ನೇರ ದಾರಿಯಲ್ಲಿ ದೊಡ್ಡವು ಗುಡುಗಿಕೊಂಡು ಮುಂದೆ ಹೋಗುತ್ತವೆ. ತಿರುವು ಬಂದಾಗ ನಮ್ಮ ಇಡ್ಲಿ ಬಂಡಿ ಅವುಗಳ ಪಕ್ಕೆಯಲ್ಲಿ ಕುರಿಮರಿಯ ಹಾಗೆ ನುಸುಳುತ್ತದೆ.

'ದೊಡ್ಡವ್ರ ಜೋಡಿ ಓಡಬೇಕ್ರೀ ಟೀಚರಮ್ಮ. ಲೆಕ್ಕ ಮಾತ್ರ ನಮ್ಮ ಅಳತೀಯವ್ರ ಜೋಡಿ ಮಾಡ್ಕೋಬೇಕು. ಅದಕ್ಕ ಈ ಆಟ ನನಗ ಸೇರ್ತೈತಿ' ಎಂದು ಒಮ್ಮೆ ಹೇಳಿದರು. ಕನ್ನಡ ಶಾಲೆಯ ಟೀಚರಾಗಿ ತೆಲುಗು ಊರಿನಲ್ಲಿ ಬದುಕುವ ನನಗೆ ಆ ಮಾತು ನೇರವಾಗಿ ತಾಗಿತು.

ಆದರೆ ಸಂಕಟವೇನೆಂದರೆ ಡಾಕ್ಟರು ಒಂದು ರೇಸನ್ನೂ ಪೂರ್ತಿ ಮುಗಿಸಿದವರಲ್ಲ. ಒಮ್ಮೆ ನೀರು ಕುದಿದು ನಿಂತಿತು. ಒಮ್ಮೆ ಪೆಟ್ರೋಲ್ ಪೈಪಿನ ಜಾಗದಲ್ಲಿ ಹಾಕಿದ್ದ ಸಲೈನ್ ಪೈಪು ಕಳಚಿತು. ಒಂದು ವರ್ಷ ಬಂದ್ ಇತ್ತು, ಹೋಗಲೇ ಆಗಲಿಲ್ಲ. ಪ್ರತಿ ಸಲವೂ ಇಡ್ಲಿ ಬಂಡಿ ಲಾರಿಯ ಮೇಲೆ ಹಗ್ಗ ಕಟ್ಟಿಸಿಕೊಂಡು ಓಣಿಗೆ ವಾಪಸಾಗುತ್ತಿತ್ತು. ಓಣಿಯವರು ನಗುವುದು ಅವರಿಗೆ ದೊಡ್ಡದಾಗಿರಲಿಲ್ಲ. ಮುಗಿಯದೆ ಉಳಿಯಿತಲ್ಲ ಎಂಬುದು ದೊಡ್ಡದಾಗಿತ್ತು.

'ಗೆಲ್ಲೋದು ಬ್ಯಾಡ. ಒಂದ್ ಸಲ ಮುಗಸಬೇಕು ನೋಡ್ರಿ. ಕರು ಅರ್ಧ ಹೊರಗ ಬಂದಾಗ ಯಾರರ ಕೈ ಬಿಡ್ತಾರೇನು?'

ಅಕ್ಕನಿಗೆ ಇದೆಲ್ಲ ಕಣ್ಣಲ್ಲಿ ಮುಳ್ಳು. ಕಾರಿನ ಮೇಲಿನ ಸಿಟ್ಟಲ್ಲ ಅದು. ಡಾಕ್ಟರ ಎದೆ ಸರಿಯಿರಲಿಲ್ಲ. ರಾಯಚೂರಿನಲ್ಲಿ ತೋರಿಸಿದಾಗ, ಮೆಟ್ಟಿಲು ಹತ್ತುವುದೂ ಕಡಿಮೆ ಮಾಡಿ ಎಂದಿದ್ದರು. ಮೆಟ್ಟಿಲು ಹತ್ತುವುದನ್ನು ಇವರು ಕಡಿಮೆ ಮಾಡಿದರು, ರೇಸು ಕಡಿಮೆ ಮಾಡಲಿಲ್ಲ. ಅಕ್ಕ ನೋಡಲಾರದೆ ಮನೆಯಲ್ಲೇ ಉಳಿದು ನನ್ನನ್ನು ಜೊತೆಗೆ ಕಳಿಸತೊಡಗಿದರು. ಹೊರಡುವಾಗ ಒಂದೇ ಮಾತು: 'ಅವ್ರ ಮುಖ ಚೂರು ಬ್ಯಾರೆ ಕಂಡ್ರ ಒಳಗ ಕರಿ. ನನ್ನಾಣಿ ಐತಿ ನಿನಗ.'

ನಾನು ಹೋಗುತ್ತಿದ್ದದ್ದು ಬೋರ್ಡು ಹಿಡಿಯಲು. ಓಡಿಸುವವರಿಗೆ ಹೊರಗಿನ ಮಾತು ಕೇಳಿಸುವುದಿಲ್ಲ. ಎಷ್ಟು ಸುತ್ತು ಉಳಿದಿದೆ, ಮುಂದಿನವನು ಎಷ್ಟು ದೂರದಲ್ಲಿದ್ದಾನೆ ಎಂಬುದನ್ನೆಲ್ಲ ದಾರಿಯಂಚಿನ ಗೋಡೆಯ ಬಳಿ ನಿಂತು ಬೋರ್ಡಿನಲ್ಲಿ ಬರೆದು ತೋರಿಸಬೇಕು. 'ಕೊನೀ ಬೆಂಚಿನ ಹುಡುಗ್ಗ ಕಾಣಂಗ ಬರೀತೀರಿ ನೀವು. ನಾನೂ ಕೊನೀ ಬೆಂಚಿನಾಂವ' ಎಂದು ಡಾಕ್ಟರು ನನ್ನನ್ನು ಆ ಕೆಲಸಕ್ಕೆ ಹಿಡಿದರು. ಕನ್ನಡದಲ್ಲೇ ಬರೆಯಬೇಕೆಂದು ಅವರ ಹಟ. ಕನ್ನಡದ ೧ ನೋಡಿದ ಪಕ್ಕದವರು, ಈ ಅಮ್ಮ ಸೊನ್ನೆ ತೋರಿಸುತ್ತಿದ್ದಾರೆ ಎಂದು ನಗುತ್ತಿದ್ದರು. ಡಾಕ್ಟರು ದಾಟುವಾಗ ಸ್ಟೇರಿಂಗಿನಿಂದ ಎರಡು ಬೆರಳು ಎತ್ತುತ್ತಿದ್ದರು. ಓದಿದೆ ಎಂದು ಅದರ ಅರ್ಥ.

ತಕರಾರು ಬಂದದ್ದು ಓಟ ಬಿಡಿಸಿ ಒಳಗೆ ಕರೆಯುವ ಪದಕ್ಕೆ. ಉದ್ದ ಬರೆದರೆ ಓದಲಾಗದು, ಅದಕ್ಕೆ 'ಬಾ' ಎಂದು ಬರೆಯಿರಿ ಎಂದರು. ಹಿರಿಯರಿಗೆ, ಅದೂ ಅಕ್ಕನ ಗಂಡನಿಗೆ, ನೂರು ಜನರ ಮುಂದೆ ಬಾ ಎಂದು ಬರೆದು ಎತ್ತಿ ಹಿಡಿಯುವುದೇ? ನನ್ನಿಂದಾಗದು ಎಂದೆ.

'ಗಾಡಿಗೆ ಹೇಳಿದ್ದು ಅಂತ ತಿಳ್ಕೊಳ್ರಿ.'

'ಗಾಡಿ ಓದಂಗಿಲ್ರಿ. ಓದೋರು ನೀವು. ಬರ್ರಿ ಅಂತ ಬರೀತೀನಿ.'

'ಅದು ಒತ್ತಕ್ಷರ. ನಾ ಓದಿ ಮುಗಿಸೋದ್ರಾಗ ಮುಂದಿನ ತಿರುವು ಬರ್ತೈತಿ.'

ಕೊನೆಗೆ ಅವರೇ ದಾರಿ ಹುಡುಕಿದರು. 'ಆತು ಅಂತ ಬರೀರಿ. ಸಾಕು, ಒಳಗ ಬರ್ರಿ ಅಂತ. ನಿಮ್ಮ ಮರ್ಯಾದಿನೂ ಉಳೀತು.' ನಾನು ಒಪ್ಪಿಕೊಂಡೆ. ಬೋರ್ಡಿಗೆ ದನಿ ಇರುವುದಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆದಿತ್ತೋ ಏನೋ.

ಬಂದ್ ಇತ್ತು ಎಂದೆನಲ್ಲ, ಅದು ತೆಲಂಗಾಣದ ಚಳವಳಿಯ ಕಾಲ. ರಾಯಚೂರು–ಹೈದರಾಬಾದ್ ರಸ್ತೆಯ ಮೇಲೆಯೇ ಒಲೆ ಹೂಡಿ, ಅಡಿಗೆ ಮಾಡಿ, ಸಾಲಾಗಿ ಕೂತು ಉಣ್ಣುವ ಹೋರಾಟ ನಡೆಯುತ್ತಿತ್ತು. ನಾವು ಟೀಚರುಗಳೂ ಒಂದು ದಿನ ಕೂತಿದ್ದೆವು. ಅನ್ನ ಇನ್ನೂ ಬೆಂದಿರಲಿಲ್ಲ, ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಅಷ್ಟರಲ್ಲಿ ದೂರದಲ್ಲಿ ಡಾಕ್ಟರ ಕಾರು ಕಾಣಿಸಿತು. ಮಾಗನೂರಿನ ಕುರಿಗಾರ ಮಾಳಪ್ಪನ ಹಿಂಡಿಗೆ ಬೇನೆ ಬಿದ್ದು ಹೊರಟಿದ್ದರು. 'ಇಡ್ಲಿ ಬಂಡಿ ವಚ್ಚಿಂದಿ!', ಇಡ್ಲಿ ಬಂಡಿ ಬಂತು ಎಂದು ಯಾರೋ ತೆಲುಗಿನಲ್ಲಿ ಕೂಗಿದರು. ಮಕ್ತಲದವರು ನಕ್ಕರು. ಹೊರ ಊರುಗಳಿಂದ ಬಂದಿದ್ದವರಿಗೆ ಏನು ಗೊತ್ತು, ಪಾಪ! ಬಿಳೀ ಬಂಡಿ, ಹಿಂದೆ ಎತ್ತಿದ ಮುಚ್ಚಳ, ಮುಚ್ಚಳದ ಕೆಳಗಿನಿಂದ ಹಬೆ. ಎಲೆ ಹಿಡಿದುಕೊಂಡು ಎದ್ದು ಕಾರಿನ ಹಿಂದೆ ಸಾಲು ನಿಂತರು.

ಡಾಕ್ಟರು ಇಳಿದು ಬಂದು ಆ ಸಾಲನ್ನು ನೋಡಿ, ಮುಚ್ಚಳವನ್ನು ಪೂರ್ತಿ ಎತ್ತಿ ಇಂಜಿನ್ನು ತೋರಿಸಿ, 'ಇನ್ನಾ ಬೆಂದಿಲ್ಲ' ಅಂದರು. ರಸ್ತೆಯೇ ನಗುವಿನಲ್ಲಿ ಬಿದ್ದು ಹೊರಳಿತು.

ಆ ನಗು ನಿಂತ ಮೇಲೆ ಮುಂದಾಳಿನಂತಿದ್ದ ಒಬ್ಬ ಹುಡುಗ ತೆಲುಗಿನಲ್ಲಿ ಕೇಳಿದ, ಸಾರ್ ನಿಮ್ಮದು ಯಾವ ಊರು ಎಂದು. ಆಗ ಅದು ಬರೀ ಊರು ಕೇಳುವ ಪ್ರಶ್ನೆಯಾಗಿರಲಿಲ್ಲ. ಡಾಕ್ಟರು ಹುಟ್ಟಿದ್ದು ತುಂಗಭದ್ರೆಯ ಆಚೆ ದಂಡೆಯಲ್ಲಿ, ರಾಜ್ಯ ಒಡೆದರೆ ಆಂಧ್ರಕ್ಕೆ ಹೋಗುವ ಕಡೆ. ಇವರು ಮುಚ್ಚಿಡಲಿಲ್ಲ.

'ಹೊಳಿ ಆಚೆ ನಮ್ಮೂರು. ಈಚೆ ಕುರಿ ಕಾಯಾಕ ಹತ್ಯಾವ. ಮದ್ಲ ಅವನ್ನ ನೋಡಿ ಬರ್ತೀನಿ, ಆಮ್ಯಾಲೆ ನನ್ನ ಯಾವ ಕಡೀಗೆ ಹಾಕ್ತೀರಿ ಹಾಕ್ರಿ.'

ಆ ಹುಡುಗನೇ ಅಡ್ಡವಿಟ್ಟಿದ್ದ ಬೆಂಚು ಎತ್ತಿದ. ವಾಪಸು ಬರುವಾಗ ಡಾಕ್ಟರು ಅಲ್ಲಿಯೇ ನಿಂತು, ಉಳಿದಿದ್ದ ಅನ್ನ ಸಾರು ಉಂಡು ಹೋದರು.

ರಾಜ್ಯ ಆದ ದಿನ ಮಕ್ತಲದಲ್ಲಿ ಪಟಾಕಿಯ ಸದ್ದಿಗೆ ಕಿವಿ ತೂತು ಬಿದ್ದವು. ಡಾಕ್ಟರು ಸಂಜೆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಆತೇನ್ರಿ ಎಂದು ಕೇಳಿದೆ. 'ಆತು' ಅಂದರು. ಅವತ್ತಿನ ಆತು ಯಾವುದೆಂದು ನನಗೆ ದನಿಯಿಂದಲೂ ಗುರುತಾಗಲಿಲ್ಲ. ಚಹಾ ಮುಗಿಸಿ ತಾವಾಗಿಯೇ ಹೇಳಿದರು: 'ನಮ್ಮೂರು ಇದ್ದಲ್ಲೇ ಐತಿ. ನಾನೂ ಇದ್ದಲ್ಲೇ ಅದೀನಿ. ನಡುವ ಹೊಳಿ ಮದ್ಲೂ ಇತ್ತು. ಆದ್ರ ಈಗ ಅದಕ್ಕ ಗಡಿ ಅನ್ಬೇಕಂತ.' ಊರಿಗೆ ಹೋಗಿಬಿಡುತ್ತೀರಾ ಎಂದು ಜನ ಕೇಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಅವರು ಹೋಗಲಿಲ್ಲ. ನಿವೃತ್ತಿಯಾದ ಮೇಲೂ ಹೋಗಲಿಲ್ಲ.

ಆ ವರ್ಷದ ಚಳಿಗಾಲದ ರೇಸು ಕೊನೆಯದೆಂದು ಅಕ್ಕ ಮಾತು ತೆಗೆದುಕೊಂಡಿದ್ದರು. ಮುಗಿಸಿದರೂ ಸರಿ, ಮುಗಿಸದಿದ್ದರೂ ಸರಿ, ಇನ್ನು ಮೇಲೆ ಕಾರು ಕೊಟ್ಟಿಗೆಗೆ. ಡಾಕ್ಟರು ಮರುಮಾತಾಡದೆ ಒಪ್ಪಿದರು. ಹೊರಡುವ ದಿನ ಬೆಳಿಗ್ಗೆ ಮಾಳಪ್ಪ ಬಂದು ಬೀರಪ್ಪ ದೇವರ ಭಂಡಾರದ ಅರಿಶಿನವನ್ನು ಬಾನೆಟ್ಟಿಗೆ ಬಳಿದ. ಇಂಜಿನ್ನು ಇರುವುದು ಹಿಂದೆ ಮಾರಾಯಾ ಎಂದು ನಾನು ಹೇಳಿದ್ದಕ್ಕೆ, 'ದೇವ್ರಿಗೆ ಗೊತ್ತೈತಿ ಬಿಡ್ರಿ' ಎಂದ.

ಕಾರು ಅವತ್ತು ಚೆನ್ನಾಗಿಯೇ ಓಡಿತು. ಭಂಡಾರ ಗಾಳಿಗೆ ಹಾರಿ ಮುಂದಿನ ಗಾಜೆಲ್ಲ ಹಳದಿ. ಅವರ ವರ್ಗದಲ್ಲಿ ಇನ್ನೆರಡು ಸಣ್ಣ ಕಾರುಗಳಿದ್ದವು. ಒಂದು ಟೈರುಗಳಿಗೆ ಗುದ್ದಿ ನಿಂತಿತು, ಇನ್ನೊಂದು ಹೊಗೆ ಬಿಟ್ಟು ಹೊರಗೆ ಹೋಯಿತು. ಇವರು ಎಲ್ಲರಿಗಿಂತ ಹಿಂದೆ, ಆದರೆ ಓಡುತ್ತಲೇ ಇದ್ದರು. ನಾನು ಸುತ್ತುಗಳನ್ನು ಇಳಿಸಿ ಇಳಿಸಿ ಬರೆಯುತ್ತಿದ್ದೆ. ಪ್ರತಿ ಸಲವೂ ಎರಡು ಬೆರಳು ಏಳುತ್ತಿತ್ತು.

ಆಮೇಲೆ ಒಂದು ಸುತ್ತಿನಲ್ಲಿ ಬೆರಳು ಏಳಲಿಲ್ಲ. ಒಂದು ಕೈ ಸ್ಟೇರಿಂಗಿನ ಮೇಲಿತ್ತು, ಇನ್ನೊಂದು ಎದೆಯ ಮೇಲೆ. ಮುಖ ಕಿಟಕಿಯ ಕಡೆ ವಾಲಿತ್ತು. ಅಕ್ಕನ ಆಣೆ ನೆನಪಾಯಿತು. ಅರ್ಧ ಹೊರಬಂದ ಕರುವೂ ನೆನಪಾಯಿತು ಎಂದರೆ ಸುಳ್ಳಲ್ಲ. ಇನ್ನು ಉಳಿದಿದ್ದದ್ದು ಸ್ವಲ್ಪವೇ. ಆದರೂ ಬೋರ್ಡು ಒರೆಸಿ, ಕೊನೆಯ ಬೆಂಚಿಗೂ ಕಾಣುವಷ್ಟು ದೊಡ್ಡದಾಗಿ 'ಆತು' ಎಂದು ಬರೆದು, ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

ಬಂದರು. ನೋಡಿದರು. ಎರಡು ಬೆರಳು ಎತ್ತಿದರು. ನೋಡ ನೋಡುತ್ತಿದ್ದಂತೆ ನನ್ನನ್ನು ದಾಟಿ ಹೋಗಿಯೇಬಿಟ್ಟರು.

ಮುಂದಿನ ಸುತ್ತಿಗೂ ಅದನ್ನೇ ಹಿಡಿದೆ. ಕೂಗಿದೆ, ಅತ್ತೆ. ಆ ಗದ್ದಲದಲ್ಲಿ ಅದು ಯಾರಿಗೆ ಕೇಳೀತು? ಮತ್ತೆ ಎರಡು ಬೆರಳು. ಕೊನೆಗೆ ಚೌಕಳಿ ಬಾವುಟ ಬೀಸಿದಾಗ ಅದನ್ನು ದಾಟಿ, ಮೆಲ್ಲಗೆ ಬಂದು, ನನ್ನ ಮುಂದೆಯೇ ನಿಲ್ಲಿಸಿದರು. ಮೈಯೆಲ್ಲ ಬೆವರು, ಮುಖ ಬಿಳಿಚಿತ್ತು. ಆದರೆ ಆ ಮುಖದಲ್ಲಿ ಇದ್ದಂಥ ಸಂತೋಷವನ್ನು ನಾನು ಬೇರೆ ಯಾವ ಮುದುಕರಲ್ಲೂ ಕಂಡಿಲ್ಲ.

'ಆತು ಅಂತ ಬರದಿದ್ದೆನಲ್ರೀ!' ಎಂದು ಜಗಳಕ್ಕೇ ನಿಂತೆ.

'ಓದಿದೆನಲ್ಲ. ಎಲ್ಲಾ ಬರೋಬರಿ ಐತಿ, ನಡೀಲಿ ಅಂತ ತಿಳ್ಕೊಂಡೆ.'

'ಎದಿ ಮ್ಯಾಲೆ ಕೈ ಯಾಕಿತ್ತು?'

'ಬೆಲ್ಟ್ ಬಿಗಿ ಆಗಿತ್ರೀ' ಎಂದು ಬೇರೆ ಕಡೆ ನೋಡಿದರು.

ರೇಸಿನವರು ಬಹುಮಾನವೆಂದು ಒಂದು ಕಪ್ಪು ಕೊಟ್ಟರು. 'ನನ್ನ ವರ್ಗದಾಗ ನಾನೇ ಮದ್ಲು, ನಾನೇ ಕೊನಿ' ಎಂದು ದಾರಿಯುದ್ದಕ್ಕೂ ಹೇಳಿಕೊಂಡರು. ಕಾರು ಲಾರಿ ಹತ್ತಲಿಲ್ಲ, ಮುಚ್ಚಳ ಎತ್ತಿಕೊಂಡು ತನ್ನ ಕಾಲ ಮೇಲೆಯೇ ಮಕ್ತಲಕ್ಕೆ ಬಂತು. ಊರ ಬಾಗಿಲಲ್ಲೇ ಒಬ್ಬ ಕೂಗಿದ, ಡಾಕ್ಟ್ರೇ ಡಿಕ್ಕಿ ತೆರದೈತ್ರೀ ಎಂದು.

ನಡೆದದ್ದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವರು ಗಂಡನನ್ನು ಬಿಟ್ಟು ನನ್ನ ಮೇಲೆ ಹರಿಹಾಯ್ದರು. 'ಬಾ ಅಂತ ಬರಿಯಾಕ ನಿನಗ ಏನಾಗಿತ್ತು?'

'ಹಿರಿಯರಿಗೆ ಹೆಂಗ ಬರೀಲಿ ಅಕ್ಕಾ?'

ಅಕ್ಕನ ಸಿಟ್ಟು ಅಲ್ಲಿಗೇ ಜರ್ರನೆ ಇಳಿಯಿತು. 'ಅದೂ ಖರೇನ. ಲಗ್ನ ಆದಾಗಿನಿಂದ ನಾನಽ ಒಂದ್ ದಿನ ಅವರಿಗೆ ಬಾ ಅಂದಿಲ್ಲ' ಎಂದರು. ಕಪ್ಪನ್ನು ಕೊಟ್ಟಿಗೆಗೆ ಒಯ್ದು ಅದರಲ್ಲಿ ನನ್ನ ಸೀಮೆಸುಣ್ಣದ ತುಂಡುಗಳನ್ನು ಹಾಕಿ ಬೋರ್ಡಿನ ಪಕ್ಕ ಇಟ್ಟರು. ಕಾರಿನ ಮೇಲೆ ತಮ್ಮದೊಂದು ಹಳೆಯ ನಾರಾಯಣಪೇಟೆ ಸೀರೆ ಹೊದಿಸಿದರು. ಡಾಕ್ಟರು ಮಾತಿಗೆ ತಪ್ಪಲಿಲ್ಲ, ಮತ್ತೆ ರೇಸಿಗೆ ಹೋಗಲಿಲ್ಲ.

ಅವರು ಆ ಪದವನ್ನು ನಿಜವಾಗಿ ತಪ್ಪು ಓದಿದರೋ, ತಪ್ಪು ಓದಲಿಕ್ಕೆಂದೇ ಆ ಪದವನ್ನು ನನ್ನ ಕೈಗೆ ಕೊಟ್ಟಿದ್ದರೋ, ನಾನು ಕೇಳಲಿಲ್ಲ. ಎಷ್ಟೋ ವರ್ಷ ಗೋಡೆಯಾಚೆಯೇ ಇದ್ದರು, ಕೇಳಬಹುದಾಗಿತ್ತು. ಕೇಳಿದ್ದರೆ ಅದಕ್ಕೂ ಆತು ಎನ್ನುತ್ತಿದ್ದರೇನೋ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಕಿವಿಯೂ ಮಂದವಾಯಿತು. ಓದುವುದು ಮಾತ್ರ ಉಳಿದಿತ್ತು. ಅಕ್ಕ ಕೊಟ್ಟಿಗೆಯಿಂದ ಬೋರ್ಡನ್ನೂ ಸೀಮೆಸುಣ್ಣದ ಕಪ್ಪನ್ನೂ ತಂದು ಮಂಚದ ಕಾಲ ಕಡೆ ಇಟ್ಟರು. ಶಾಲೆಗೆ ಹೋಗುವ ಮುಂಚೆ ನಾನು ಏನಾದರೂ ಬರೆಯುತ್ತಿದ್ದೆ: ಮಳೆ ಬಂತು. ಮಾಳಪ್ಪ ಬಂದಿದ್ದ. ಕಾರು ಒರೆಸಿದೆವು, ಕೋಳಿಪುಕ್ಕ ಇನ್ನೂ ಸಿಗುತ್ತಿದೆ. ಎಡಗೈಯ ಎರಡು ಬೆರಳು ಹಾಸಿಗೆಯಿಂದ ಮೆಲ್ಲಗೆ ಏಳುತ್ತಿದ್ದವು.

ಒಂದು ಬೆಳಿಗ್ಗೆ ಹೋದಾಗ ಉಸಿರು ಎಳೆಯುತ್ತಿದ್ದರು. ರಾಯಚೂರಿಗೆ ಒಯ್ಯುವುದು ಬೇಡ ಎಂದು ಅಲ್ಲಿನ ಆಸ್ಪತ್ರೆಯವರೇ ಹೇಳಿ ಕಳಿಸಿಯಾಗಿತ್ತು. ಹಿಂದಿನ ಎರಡು ದಿನವೂ ಹಾಗೆಯೇ. ಹೋಗಲಾರರು, ಇರಲಾರರು. ಕಣ್ಣು ಮಾತ್ರ ಬೋರ್ಡಿನ ಮೇಲೆ. ನಾನು ಕಪ್ಪಿನಿಂದ ಒಂದು ತುಂಡು ತೆಗೆದುಕೊಂಡೆ. ಹಿಂದಿನ ದಿನದ್ದನ್ನು ಒರೆಸಿದೆ, ಮುಂದೇನು ಬರೆಯಬೇಕೆಂದು ತಿಳಿಯಲಿಲ್ಲ.

ಅಕ್ಕ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡರು. ಇಷ್ಟು ವರ್ಷ ಅವರನ್ನು ಒಳಗೆ ಕರಿ, ಒಳಗೆ ಕರಿ ಎಂದು ನನಗೆ ಆಣೆ ಹಾಕಿದವರು, ಬೋರ್ಡನ್ನು ಎತ್ತಿ ಮಂಚದ ಮೇಲೆ ಅವರ ಎದುರಿಗೇ ಇಟ್ಟುಕೊಂಡು ಕೂತು, ತಾವೇ ಬರೆದರು. ಸಣ್ಣ ಸಣ್ಣ ಅಕ್ಷರ. ಕೊನೆಯ ಬೆಂಚಿಗಿರಲಿ, ಬಾಗಿಲ ಕಡೆ ಸರಿದು ನಿಂತ ನನಗೇ ಕಾಣಲಿಲ್ಲ. ಹತ್ತಿರ ಹೋಗಿ ನೋಡಿದೆ.

'ಆತು.'

ಡಾಕ್ಟರು ಓದಿದರು. ಎರಡು ಬೆರಳು ಎತ್ತಿದರು. ಆ ಬೆರಳುಗಳನ್ನು ಅಕ್ಕ ಹಿಡಿದುಕೊಂಡರು. ಮಧ್ಯಾಹ್ನದೊಳಗೆ ಅವರು ಮುಗಿಸಿದರು.